ಮೊದಲು ಹತ್ತು ಹುಳಕ್ಕೆ

ಸಂಕ್ರಾಂತಿ ಕಳೆದ ಮೇಲೆ ಚನ್ನಪಟ್ಟಣದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ನಾನು ಕಿಟಕಿ ಎಳೆದುಕೊಂಡು ಕೂರುತ್ತೇನೆ. ಪಕ್ಕದವರು ಸೆಖೆ ಎಂದು ಗೊಣಗಿದರೂ ಬಿಡುವುದಿಲ್ಲ. ರಸ್ತೆಯ ಎರಡೂ ಕಡೆ ಮಾವು ಹೂ ಬಿಟ್ಟಿರುವ ಕಾಲ ಅದು. ಬೇರೆಯವರು ಮೂಗರಳಿಸಿ ಎಳೆದುಕೊಳ್ಳುವ ಆ ವಾಸನೆ ನನ್ನ ಮೂಗಿಗೆ ಬಿದ್ದರೆ ಅಂಗೈ ಬೆವರುತ್ತದೆ, ನಾಲಗೆ ಒಣಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಕಂಡಕ್ಟರ್ ಬಂದು, "ಯಾಕ್ ಮೇಡಂ, ವಾಂತಿ ಬರಂಗೈತಾ? ನಿಂಬೆಹಣ್ಣು ಐತೆ, ಕೊಡ್ಲಾ?" ಎಂದ. ಮಾವಿನ ಹೂವಿಗೆ ಹೆದರಿದ್ದೇನೆ ಎಂದು ಹೇಳಲಾಗದೆ ನಿಂಬೆಹಣ್ಣು ಇಸಿದುಕೊಂಡು ಮೂಸುತ್ತಾ ಕೂತೆ.

ಹೆದರುವುದರಲ್ಲಿ ನಾನು ಪಳಗಿದವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿ ಕೊನೆಯಿಂದ ವಾಪಸ್ಸು ಬರುವವಳು. ಫೋನು ರಿಂಗಾದರೆ ಯಾರಿಗೋ ಏನೋ ಆಗಿದೆ ಎಂದೇ ಎತ್ತುತ್ತೇನೆ. ರಿಂಗಾಗದಿದ್ದರೆ ಹೇಳಲಾಗದಂಥದ್ದೇ ಆಗಿರಬೇಕು ಎಂದುಕೊಳ್ಳುತ್ತೇನೆ. ಎಂ.ಎಸ್ಸಿ.ಗೆ ಸೇರಿದ್ದೂ ಭಯಕ್ಕೇ. ನಾನು ಪಾಠ ಮಾಡುವ ಹೈಸ್ಕೂಲಿನಲ್ಲಿ, ಬರೀ ಬಿ.ಎಸ್ಸಿ. ಇರುವವರನ್ನು ಇನ್ನು ಮುಂದೆ ಇಟ್ಟುಕೊಳ್ಳುವುದಿಲ್ಲವಂತೆ ಎಂದು ಯಾರೋ ಸ್ಟಾಫ್ ರೂಮಿನಲ್ಲಿ ಅಂದರು. ಅದು ನಿಜವೋ ಸುಳ್ಳೋ ಎಂದು ವಿಚಾರಿಸುವುದಕ್ಕೂ ಹೆದರಿ, ನಲವತ್ತೆರಡನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಒಂದೇ ವಿಷಯ ಬರೆದರೆ ಸೀಟು ಸಿಗದಿದ್ದೀತು ಎಂದು ಅರ್ಜಿಯಲ್ಲಿದ್ದ ಎಲ್ಲ ವಿಷಯಗಳಿಗೂ ಟಿಕ್ ಹಾಕಿದೆ. ಸಿಕ್ಕಿದ್ದು ರೇಷ್ಮೆಕೃಷಿ. ಹುಳು ಕಂಡರೆ ಮಾರು ದೂರ ನಿಲ್ಲುವವಳಿಗೆ ದೇವರು ಹುಡುಕಿ ಕೊಟ್ಟ ಸೀಟು.

ಸ್ನಾತಕೋತ್ತರ ಕೇಂದ್ರ ಇದ್ದದ್ದು ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ. ಗುಡ್ಡದ ಇಳಿಜಾರಿನಲ್ಲಿ ವಿಭಾಗದ್ದೇ ಹಿಪ್ಪುನೇರಳೆ ತೋಟ. ನಾವೆಲ್ಲ ಕರೆಯುತ್ತಿದ್ದದ್ದು ಸೊಪ್ಪಿನ ತೋಟ ಎಂದೇ. ಕೆಳಗಡೆ ಬೇಲಿಗೆ ಅಂಟಿಕೊಂಡಂತೆ ಬೇರೆಯವರ ಮಾವಿನ ತೋಪು. ತೋಟಕ್ಕೂ ಹಾಸ್ಟೆಲಿಗೂ ನಡುವೆ ಹುಳುಮನೆ. ಮಿಕ್ಕ ದಿನ ನಾನು ಚನ್ನಪಟ್ಟಣದಿಂದಲೇ ಓಡಾಡುತ್ತಿದ್ದೆ. ಆದರೆ ಹುಳು ಮೇಯಿಸುವ ಇಪ್ಪತ್ತೈದು ದಿನ ಎಲ್ಲರೂ ಹಾಸ್ಟೆಲಿನಲ್ಲೇ ಇದ್ದು ಸರದಿಯ ಮೇಲೆ ಸೊಪ್ಪು ಹಾಕಬೇಕು ಎಂಬುದು ವಿಭಾಗದ ನಿಯಮ. ಹಾಗಾಗಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಇಬ್ಬರು ಹುಡುಗಿಯರ ರೂಮಿನಲ್ಲಿ ನನಗೂ ಒಂದು ಮಂಚ ಸಿಕ್ಕಿತು.

ಒಬ್ಬಳು ಪವಿತ್ರ, ಸಾತನೂರು ಕಡೆಯವಳು. ತೊಟ್ಟಿಲಲ್ಲಿದ್ದಾಗಿಂದ ಮನೆಯಲ್ಲಿ ರೇಷ್ಮೆ ಹುಳು ನೋಡಿಕೊಂಡೇ ಬೆಳೆದವಳು. ಇನ್ನೊಬ್ಬಳು ತಬಸ್ಸುಮ್, ರಾಮನಗರದಲ್ಲಿ ನೂಲು ಬಿಚ್ಚುವವರ ಮನೆಯ ಹುಡುಗಿ. ಪವಿತ್ರ ನನ್ನನ್ನು ಅಕ್ಕ ಎನ್ನುತ್ತಿದ್ದಳು, ತಬಸ್ಸುಮ್ ಆಪಾ. ಹಾಸ್ಟೆಲಿನ ಮಿಕ್ಕವರೆಲ್ಲ ಆಂಟಿ. ಮೊದಲ ವಾರ ವಾರ್ಡನ್ ನನ್ನನ್ನು ಯಾರದೋ ತಾಯಿ ಎಂದುಕೊಂಡು, "ವಿಸಿಟರ್ಸ್ ಟೈಮ್ ಮುಗೀತು" ಎಂದು ಎರಡು ಸಲ ಹೊರಗೆ ಕಳಿಸಿದ್ದರು.

ಆ ಹಾಸ್ಟೆಲಿನಲ್ಲಿ ಹೆದರಲು ಬೇಕಾದದ್ದೆಲ್ಲ ಇತ್ತು. ಬಚ್ಚಲಿನಲ್ಲಿ ಚೇಳು, ಓವರ್‌ಹೆಡ್ ಟ್ಯಾಂಕಿನಲ್ಲಿ ಪಾರಿವಾಳ, ಇಂಟರ್ನಲ್ಸ್, ಇಂಗ್ಲಿಷಿನಲ್ಲಿ ಸೆಮಿನಾರು. ಎಲ್ಲಕ್ಕಿಂತ ಹೆಚ್ಚಾಗಿ ಚಿರತೆ. ಗುಡ್ಡದಲ್ಲಿ ಚಿರತೆ ಇರುವುದು ಊರಿಗೇ ಗೊತ್ತು. ಅದು ಆಗಾಗ ಕಾಣಿಸುವುದು ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ. ನಾನು ರಾತ್ರಿ ಮಲಗುವ ಮೊದಲು ಕಿಟಕಿಯ ಚಿಲಕ ಮೂರು ಸಲ ನೋಡುತ್ತಿದ್ದೆ. "ಆಪಾ, ನಾವಿರೋದು ಎರಡನೇ ಮಹಡಿ," ಎನ್ನುತ್ತಿದ್ದಳು ತಬಸ್ಸುಮ್. "ಚಿರತೆ ಮರ ಹತ್ತುತ್ತೆ ಕಣೇ." "ಹತ್ಲಿ ಆಪಾ, ಇಲ್ಲಿ ಮರ ಎಲ್ಲಿದೆ?"

ನಾನು ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಸೊಪ್ಪಿನ ಪೌಷ್ಟಿಕಾಂಶ. ಪ್ರಯೋಗಾಲಯದಲ್ಲೇ ಮುಗಿದು ಹೋಗುವಂಥದ್ದು. ಹುಳು ಮುಟ್ಟದೆ ಡಿಗ್ರಿ ತೆಗೆದುಕೊಳ್ಳುವ ದಾರಿ ಹುಡುಕಿದ್ದೆ. ಪವಿತ್ರಳದು ಹಾಗಲ್ಲ. ಪುಸ್ತಕದ ಪ್ರಕಾರ ಹುಳುವಿಗೆ ದಿನಕ್ಕೆ ನಾಲ್ಕು ಸಲ ಬಿಡಿ ಎಲೆ ಹಾಕಬೇಕು. ಅವಳ ಅಪ್ಪ ಊರಿನಲ್ಲಿ ದಿನಕ್ಕೆ ಎರಡೇ ಸಲ, ರೆಂಬೆ ಸಮೇತ ಸೊಪ್ಪು ಹಾಕುತ್ತಾರೆ. ಯಾವುದು ಮೇಲು ಎಂದು ನೋಡುವುದೇ ಅವಳ ಪ್ರಬಂಧ. ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ ಅಪ್ಪನ ಪದ್ಧತಿಯ ಆರು ಟ್ರೇ, ಕೆಳಗಿನ ಸಾಲಿನಲ್ಲಿ ಪುಸ್ತಕದ ಪದ್ಧತಿಯ ಆರು ಟ್ರೇ. ಒಂದೊಂದರಲ್ಲಿ ಮುನ್ನೂರು ಹುಳು.

ಅವಳ ಮೊದಲ ಬೆಳೆ ಮಳೆಗಾಲದಲ್ಲಿ ರೋಗ ಬಂದು ಪೂರ್ತಿ ಹೋಗಿತ್ತು. ಇದು ಎರಡನೆಯದು, ಪ್ರಬಂಧ ಒಪ್ಪಿಸುವ ಮುಂಚೆ ಕೊನೆಯದು. ಪ್ರತಿ ಪದ್ಧತಿಯಲ್ಲೂ ಕನಿಷ್ಠ ಮೂರು ಟ್ರೇ ಉಳಿಯಬೇಕು. ಒಂದು ಟ್ರೇ ಉಳಿಯಿತು ಎನ್ನಬೇಕಾದರೆ ಅದರ ಅರ್ಧಕ್ಕಿಂತ ಹೆಚ್ಚು ಹುಳು ಗೂಡು ಕಟ್ಟಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ. ಆ ಇನ್ನೊಂದು ವರ್ಷ ಅವಳಿಗೆ ಇರಲಿಲ್ಲ. ಅವಳ ತಾಯಿಗೆ ಮಂಡಿ ನೋವು ಜಾಸ್ತಿಯಾಗಿ ಮನೆಯ ಹುಳುಮನೆಯಲ್ಲಿ ಕೈ ಸಾಲುತ್ತಿರಲಿಲ್ಲ. ಅಪ್ಪ ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಸ್ಪೀಕರಿಗೆ ಹಾಕದೆಯೇ ಇಡೀ ರೂಮಿಗೆ ಕೇಳುವ ದನಿ.

"ಏನವ್ವ, ಹುಳ ಮೇಯ್ಸಕ್ಕೆ ಕಾಲೇಜ್‌ಗಂಟ ಹೋಗ್ಬೇಕಾ? ನಮ್ಮನೇಲಿ ಹುಳ ಇಲ್ವಾ?"

"ಈ ಬೆಳೆ ಒಂದು ಮುಗೀಲಿ ಕಣಪ್ಪೋ."

"ಮುಗುದ್ರೆ ಸರಿ. ಇಲ್ದಿದ್ರೆ ಗಂಟುಮೂಟೆ ಕಟ್ಕೊಂಡು ಬಂದ್ಬುಡು. ಇನ್ನೊಂದ್ ವರ್ಸ ಅಂತ ಮಾತ್ರ ಅನ್ಬ್ಯಾಡ. ನಿಮ್ಮವ್ವನ ಕೈಲಿ ಆಯ್ತಾ ಇಲ್ಲ."

ಅವಳು ಫೋನಿಟ್ಟು ನಗುತ್ತಿದ್ದಳು. ಆದರೆ ಆ ನಗು ಮುಗಿಯುವ ಹೊತ್ತಿಗೆ ಹುಳುಮನೆ ಕಡೆ ಹೊರಟಿರುತ್ತಿದ್ದಳು.

ಹುಳುಮನೆಯೊಳಗೆ ಅವಳ ಮಾತೇ ಕಾನೂನು. ಚಪ್ಪಲಿ ಹೊರಗೆ, ಕಾಲು ಸುಣ್ಣದ ನೀರಿಗೆ. ಪೌಡರ್ ಇಲ್ಲ, ಊದುಬತ್ತಿ ಇಲ್ಲ, ನನ್ನ ತಲೆನೋವಿನ ಮುಲಾಮು ಇಲ್ಲ. ಮುಲಾಮಿಲ್ಲದೆ ತಲೆನೋವು ಬಂದರೆ ಏನು ಗತಿ ಎಂಬ ಯೋಚನೆಗೇ ನನಗೆ ತಲೆನೋವು ಬರುತ್ತಿತ್ತು. ಮಾವು ಹೂ ಬಿಟ್ಟ ಮೇಲೆ ಇನ್ನೊಂದು ಕಾನೂನು ಸೇರಿತು. ಮಾವಿನ ಹೂವಿಗೆ ಜಿಗಿಹುಳು ಬೀಳದಿರಲೆಂದು ತೋಪಿನವರು ಔಷಧಿ ಹೊಡೆಯುತ್ತಾರೆ. ಗಾಳಿಗೆ ಅದರ ತುಂತುರು ಹಾರಿ ಬಂದು ಸೊಪ್ಪಿನ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹುಳುವಿಗೆ ಅಷ್ಟೇ ಸಾಕು. ಅದಕ್ಕೇ ಬೇಲಿ ಪಕ್ಕದ ಸಾಲುಗಳ ಸೊಪ್ಪು ಮುಟ್ಟುವಂತಿಲ್ಲ, ಮೇಲಿನ ತೋಟದ್ದೇ ತರಬೇಕು. ತಂದದ್ದನ್ನೂ ನೇರವಾಗಿ ಟ್ರೇಗೆ ಹಾಕುವಂತಿಲ್ಲ. ಒಂದು ಮೊರದಲ್ಲಿ ಹತ್ತು ಹುಳು ಬೇರೆ ಇಟ್ಟಿದ್ದಳು. ಮೊದಲು ಅವಕ್ಕೆ ನಾಲ್ಕೆಲೆ. ಒಂದು ಗಂಟೆ ಕಾಯಬೇಕು. ಅವು ಚೆನ್ನಾಗಿದ್ದರೆ ಮಿಕ್ಕವಕ್ಕೆ.

"ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದ್ದೆ.

"ನಮ್ಮಪ್ಪನ ಪುಸ್ತಕದಲ್ಲಿ," ಎಂದಿದ್ದಳು.

ಹುಳುಗಳು ಕೊನೆಯ ಹಂತಕ್ಕೆ ಬಂದಿದ್ದವು. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದು, ಬೆರಳಿನಷ್ಟು ದಪ್ಪವಾಗಿ, ಹಗಲೂ ರಾತ್ರಿ ತಿನ್ನುವ ಕಾಲ. ಹನ್ನೆರಡು ಟ್ರೇಗಳೂ ಒಟ್ಟಿಗೆ ತಿನ್ನುವಾಗ ಶೀಟಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಆ ಸದ್ದಿಗೆ ಪವಿತ್ರ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು. ನನಗೋ ಮೈ ಜುಮ್ಮೆನ್ನುತ್ತಿತ್ತು.

ಆ ಹಂತದ ಮೂರನೇ ದಿನ ಅವಳು ಪ್ರಬಂಧದ ಕಾಗದಕ್ಕೆ ಸಹಿ ಹಾಕಿಸಲು ಬೆಂಗಳೂರಿಗೆ ಹೋಗಬೇಕಾಯಿತು. ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಸರದಿ ನನ್ನದು. ನನ್ನ ದಿಂಬಿನ ಮೇಲೆ ಚೀಟಿ ಇಟ್ಟಿದ್ದಳು: "ಅಕ್ಕ, ಸೊಪ್ಪು ಮೇಲಿನ ತೋಟದ್ದು. ಮೊದಲು ಹತ್ತು ಹುಳಕ್ಕೆ. ಸಂಜೆ ನಾಲ್ಕಕ್ಕೆ ಬಂದುಬಿಡ್ತೀನಿ."

ಚೀಟಿ ಓದಿದ ಮೇಲೆ ಫೋನು ನೋಡಿದೆ. ಗ್ರೂಪಿನಲ್ಲಿ ಒಂದು ಫೋಟೋ. ಮೇಲಿನ ತೋಟದ ಕಾಲುದಾರಿಯ ಮಣ್ಣಿನಲ್ಲಿ ಹೆಜ್ಜೆ ಗುರುತು. ಕೆಳಗೆ, "ಲೆಪರ್ಡ್! ಯಾರೂ ಮೇಲಕ್ಕೆ ಹೋಗ್ಬೇಡಿ." ಅದರ ಕೆಳಗೆ ಹದಿನಾಲ್ಕು ಜನ ಕೈಮುಗಿದಿದ್ದರು.

ಹಗ್ಗ, ಕುಡುಗೋಲು ಹಿಡಿದು ತೋಟದ ಬಾಗಿಲಲ್ಲಿ ನಿಂತೆ. ಮೇಲೆ ಬಂಡೆಗಳ ನಡುವೆ ಏನೋ ಅಲ್ಲಾಡಿದ ಹಾಗಾಯಿತು. ಗಾಳಿಯೇ ಇರಬೇಕು. ನನ್ನ ಕಾಲು ಅದನ್ನು ಒಪ್ಪಲಿಲ್ಲ. ಎಂಟು ಗಂಟೆಯಾಗುತ್ತಾ ಬಂದಿತ್ತು. ಸೊಪ್ಪು ತಡವಾದರೆ ಪವಿತ್ರಳ ಲೆಕ್ಕವೆಲ್ಲ ಏರುಪೇರು ಎಂದು ಇನ್ನೊಂದು ದಿಗಿಲು. ಎರಡು ದಿಗಿಲುಗಳ ನಡುವೆ ಸಿಕ್ಕಿ ಬೇಲಿ ಪಕ್ಕದ ಸಾಲಿಗೇ ಕೈ ಹಾಕಿದೆ. ತೋಪು ನಿಶ್ಶಬ್ದವಾಗಿತ್ತು, ಹೂವಿನ ವಾಸನೆ ಗಮ್ಮೆನ್ನುತ್ತಿತ್ತು. ಈ ವಾರ ಯಾರೂ ಔಷಧಿ ಹೊಡೆದದ್ದು ಕಂಡಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಹೊರೆ ರೆಂಬೆ ಕೊಯ್ದು ಓಡೋಡಿ ಬಂದು ಮೇಲಿನ ಸಾಲಿನ ಟ್ರೇಗಳಿಗೆ ಹಾಸಿದೆ. ನಾಲ್ಕು ಟ್ರೇಗೆ ಬಂತು. ನಾಲ್ಕನೆಯದಕ್ಕೆ ಒಸಿ ಕಮ್ಮಿಯೇ ಆಯಿತು.

ಮೊರದಲ್ಲಿದ್ದ ಹತ್ತು ಹುಳು ತಲೆಯೆತ್ತಿ ನೋಡುತ್ತಿದ್ದವು. ತಡವಾಗಿದೆಯೆಂದು ಅವನ್ನು ದಾಟಿ ಹೋದೆ.

ಅಷ್ಟರಲ್ಲಿ ತಬಸ್ಸುಮ್ ಕಣ್ಣುಜ್ಜಿಕೊಂಡು ಬಂದಳು. ಅವಳ ಜೊತೆ ಇದ್ದುದರಿಂದ ಧೈರ್ಯ ಬಂದು ಇಬ್ಬರೂ ಮೇಲಿನ ತೋಟಕ್ಕೇ ಹೋಗಿ ಮಿಕ್ಕ ಟ್ರೇಗಳಿಗೆ ಸೊಪ್ಪು ತಂದೆವು. ಕಾಲುದಾರಿಯಲ್ಲಿ ಅವಳು ಬಗ್ಗಿ ಆ ಗುರುತು ನೋಡಿದಳು.

"ಆಪಾ, ಇದು ಕ್ಯಾಂಟೀನ್ ನಾಯೀದು. ಉಗುರು ನೋಡಿ ಇಲ್ಲಿ."

ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ, ಅದರ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ನಾನೇ ಹೇಳಿಕೊಡುವ ಪಾಠ. ಇಬ್ಬರೂ ನಕ್ಕೆವು. ಮೊದಲ ಹೊರೆ ಎಲ್ಲಿಂದ ತಂದೆ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕ್ಲಾಸು ಮುಗಿಸಿ ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಬಂದಾಗ ತೋಪಿನ ಕಾವಲಿನ ಸಿದ್ದಯ್ಯ ನಮ್ಮ ನಲ್ಲಿಯ ಹತ್ತಿರ ಒಂದು ಡ್ರಮ್ಮು ತೊಳೆಯುತ್ತಿದ್ದ. ನೀರು ಹಾಲಿನಂತೆ ಬೆಳ್ಳಗೆ ಹರಿಯುತ್ತಿತ್ತು.

"ಏನದು ಸಿದ್ದಯ್ಯ?"

"ಔಸ್ದಿ ಡ್ರಮ್ಮು ಕಣವ್ವ. ನೆನ್ನೆ ಸಂಜೇಲಿ ಹೊಡುದ್ವಲ್ಲ ಹೂವ್ಗೆ. ಗಾಳಿ ಇಕ್ಕಡೀಕೇ ಬೀಸ್ತಿತ್ತು. ನಿಮ್ಮ ಸಾತ್ನೂರು ಹುಡುಗಿಗೆ ಹೇಳಿದ್ನಲ್ಲ, ಬೇಲಿ ತಾವ ಸೊಪ್ಪು ಮುಟ್ಬ್ಯಾಡಿ ಅಂತ."

ಹುಳುಮನೆಗೆ ಓಡಿದೆ. ಒಳಗೆ ಮಳೆಯ ಸದ್ದು ಇತ್ತು. ಬಾಗಿಲಲ್ಲೇ ಉಸಿರು ಬಿಟ್ಟೆ. ಆಮೇಲೆ ಕಿವಿಗೊಟ್ಟು ಕೇಳಿದೆ. ಮಳೆ ಬಲಗಡೆ ಬೀಳುತ್ತಿತ್ತು. ಕೆಳಗಡೆ ಬೀಳುತ್ತಿತ್ತು. ಎಡಗಡೆ ಮೇಲಿನ ಮೂಲೆಯಲ್ಲಿ ಬೀಳುತ್ತಿರಲಿಲ್ಲ.

ಒಂದನೇ ಟ್ರೇಯಲ್ಲಿ ಹುಳುಗಳು ತಿನ್ನುವುದು ಬಿಟ್ಟು ಅಂಚಿನ ಕಡೆ ಹರಿದಾಡುತ್ತಿದ್ದವು. ಒಂದು ಹುಳು ತಲೆಯನ್ನು ಅತ್ತ ಇತ್ತ ಬೀಸುತ್ತಿತ್ತು, ಯಾರಿಗೋ ಬೇಡ ಬೇಡ ಎನ್ನುವ ಹಾಗೆ. ಅದರ ಬಾಯಿಂದ ಹಸಿರು ನೀರು ಬಂತು.

ಆಗಲೇ ರೆಂಬೆಗಳನ್ನೆಲ್ಲ ಎತ್ತಿ ಎಸೆದು, ವಿಭಾಗದ ಮೇಡಂಗೆ ಫೋನು ಮಾಡಿ, ಪವಿತ್ರಳಿಗೆ ಹೇಳಬೇಕಿತ್ತು. ನಾನು ಮಾಡಿದ್ದೇನೆಂದರೆ, ಬಾಗಿಲು ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸೆಖೆಗೆ ಹಾಗಾಗಿರಬಹುದು. ಒಂದೇ ಹುಳುವಿಗೆ ಆಗಿರಬಹುದು. ಮತ್ತೆ ಎದ್ದು ಒಳಗೆ ಹೋದೆ. ಇನ್ನೂ ಎರಡು ಹುಳು ತಲೆ ಬೀಸುತ್ತಿದ್ದವು. ಹೊರಗೆ ಬಂದೆ. ಗಡಿಯಾರ ನೋಡಿದೆ. ಪವಿತ್ರಳ ನಂಬರು ತೆಗೆದೆ, ಒತ್ತಲಿಲ್ಲ. ಏನೆಂದು ಹೇಳುವುದು? ನಾಯಿಯ ಹೆಜ್ಜೆಗೆ ಹೆದರಿ ನಿನ್ನ ವರ್ಷ ಕೊಂದೆ ಎಂದೇ? ಮತ್ತೆ ಒಳಗೆ ಹೋದೆ. ಎರಡನೇ ಟ್ರೇಯಲ್ಲೂ ಸದ್ದು ನಿಂತಿತ್ತು. ಹುಳು ಕಂಡರೆ ಮಾರು ದೂರ ನಿಲ್ಲುತ್ತಿದ್ದವಳು ಟ್ರೇಯ ಮೇಲೆ ಬಗ್ಗಿ, ಬರಿಗೈಯಲ್ಲಿ ಒಂದೊಂದನ್ನೇ ಎತ್ತಿ, ತಿನ್ನು ಮಗಾ, ತಿನ್ನು ಎಂದು ಅದೇ ವಿಷದ ಎಲೆಯ ಮೇಲೆ ಕೂರಿಸುತ್ತಿದ್ದೆ. ಹಾಗೆ ಮಾಡುತ್ತಿದ್ದೇನೆ ಎಂಬುದು ಹೊಳೆದಾಗ ಅಳು ಬಂತು. ಆದರೂ ಯಾರನ್ನೂ ಕರೆಯಲಿಲ್ಲ.

ಎರಡು ಗಂಟೆಗೆ ತಬಸ್ಸುಮ್ ಊಟ ಮುಗಿಸಿ ಬಂದಳು. ನನ್ನ ಮುಖ ನೋಡಿದಳು.

"ಕ್ಯಾ ಹುವಾ ಆಪಾ? ಮನೇಲಿ ಏನಾದ್ರೂ...?"

ಹೇಳಿದೆ. ಅವಳು "ಯಾ ಅಲ್ಲಾ" ಎಂದವಳೇ ದುಪಟ್ಟಾ ಸೊಂಟಕ್ಕೆ ಬಿಗಿದಳು. ಕಿಟಕಿಗಳನ್ನೆಲ್ಲ ತೆಗೆದಳು. ನಾಲ್ಕೂ ಟ್ರೇಗಳ ಮೇಲೆ ಬಲೆ ಹಾಸಿ, ಅದರ ಮೇಲೆ ಒಳ್ಳೆಯ ಸೊಪ್ಪು ಇಟ್ಟಳು. ಶಕ್ತಿ ಇದ್ದ ಹುಳುಗಳು ಬಲೆಯ ಕಣ್ಣಿನಿಂದ ಮೇಲೆ ಹತ್ತಿ ಬಂದವು. ಬಲೆ ಸಮೇತ ಎತ್ತಿ ಹೊಸ ಟ್ರೇಗೆ ಹಾಕಿದೆವು. ಒಂದನೇ ಟ್ರೇಯಲ್ಲಿ ಮೇಲೆ ಬಂದವು ಏಳೋ ಎಂಟೋ. ಎರಡು, ಮೂರರಲ್ಲೂ ಹಾಗೇ. ನಾಲ್ಕನೆಯದರಲ್ಲಿ ಮಾತ್ರ ಸುಮಾರು ಹುಳು ಹತ್ತಿದವು. ನಾನು ಸೊಪ್ಪು ಕಮ್ಮಿ ಹಾಕಿದ್ದ ಟ್ರೇ ಅದು.

"ಅವಳಿಗೆ ನೀನೇ ಹೇಳಮ್ಮ," ಎಂದೆ.

"ನಹೀ ಆಪಾ. ನೀವೇ ಹೇಳ್ಬೇಕು. ನಾನು ಬೇಕಾದ್ರೆ ಪಕ್ಕದಲ್ಲಿ ನಿಂತ್ಕೋತೀನಿ. ಕೈ ಹಿಡ್ಕೋ ಅಂದ್ರೆ ಹಿಡ್ಕೋತೀನಿ."

ನಾಲ್ಕು ಗಂಟೆಯ ಬಸ್ಸಿನಿಂದ ಪವಿತ್ರ ಇಳಿದಳು. ಕೈಯಲ್ಲಿ ಸಹಿಯಾದ ಕಾಗದ, ಇನ್ನೊಂದು ಕೈಯಲ್ಲಿ ನಮಗೆಂದು ತಂದ ಬಿಸ್ಕತ್ತಿನ ಪೊಟ್ಟಣ. ನಾನು ರಸ್ತೆಯಲ್ಲೇ ನಿಂತು, ಬಸ್ಸು ಇನ್ನೂ ಹೊರಟಿರಲಿಲ್ಲ, ಒಂದೇ ಉಸಿರಿಗೆ ಹೇಳಿದೆ. ಚಿರತೆ, ಬೇಲಿ, ಹತ್ತು ಹುಳು, ಡ್ರಮ್ಮು, ಎಲ್ಲ. ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು. ಪೊಟ್ಟಣವನ್ನು ತಬಸ್ಸುಮ್ ಕೈಗೆ ಕೊಟ್ಟು ಹುಳುಮನೆ ಕಡೆ ಓಡಿದಳು. ಚಪ್ಪಲಿ ಬಿಟ್ಟು, ಕಾಲು ಸುಣ್ಣದ ನೀರಿಗೆ ಅದ್ದಿ, ಆಮೇಲೇ ಒಳಗೆ ಹೋದಳು. ಅಂಥ ಹೊತ್ತಿನಲ್ಲೂ.

ಒಂದು ಗಂಟೆ ಟ್ರೇಗಳ ಮುಂದೆಯೇ ಇದ್ದಳು. ಸತ್ತವನ್ನು ಬೇರೆ ಮಾಡಿದಳು, ಉಳಿದವಕ್ಕೆ ಸುಣ್ಣ ಧೂಳಿಸಿದಳು. ಕೊನೆಗೆ ನನ್ನ ಕಡೆ ತಿರುಗದೆಯೇ ಕೇಳಿದಳು.

"ನಿಮ್ಗೆ ಯಾವಾಗ ಗೊತ್ತಾಯ್ತಕ್ಕ?"

"ಹನ್ನೆರಡಕ್ಕೆ."

"ತಬಸ್ಸುಮ್ ಬಂದಿದ್ದು ಎರಡಕ್ಕೆ."

"ಹೂಂ."

"ಎರಡು ಗಂಟೆ ಏನ್ ಮಾಡ್ತಿದ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಹೆದರ್ತಿದ್ದೆ," ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿಲ್ಲ. ಆಮೇಲೆ ಮತ್ತೆ ಟ್ರೇ ಕಡೆ ತಿರುಗಿದಳು. ಮೇಲಿನ ಸಾಲಿನಲ್ಲಿ ಮೂರು ಟ್ರೇ ಹೋಗಿಬಿಟ್ಟಿತ್ತು. ವಿಷ ಮುಟ್ಟದ ಐದು, ಆರನೇ ಟ್ರೇಗಳು ಚೆನ್ನಾಗಿದ್ದವು. ಬೇಕಿದ್ದದ್ದು ಮೂರು. ಅಂದರೆ ಅವಳ ಇಡೀ ವರ್ಷ ಈಗ ಆ ನಾಲ್ಕನೇ ಟ್ರೇಯಲ್ಲಿ ಹರಿದಾಡುತ್ತಿತ್ತು.

ಗೋಡೆಗೆ ತಗಲುಹಾಕಿದ್ದ ದಾಖಲೆ ಪುಸ್ತಕ ತೆಗೆದು ಅವಳು ಬರೆಯಲು ಕೂತಾಗ ನಾನು ಇನ್ನೊಂದು ಹೇಡಿತನ ಮಾಡಿದೆ. "ಪವಿತ್ರ, ಸೊಪ್ಪು ಅಂತ ಬರೆದರೆ ಬೆಳೆನೇ ಒಪ್ಪಲ್ವೇನೋ. ರೋಗ ಬಂತು ಅಂತ ಬರೆದರೆ...?" ಎಂದೆ. ಅವಳಿಗಾಗಿ ಎನ್ನುವ ದನಿಯಲ್ಲಿ ಹೇಳಿದೆ. ನನಗಾಗಿ ಎಂದು ಮೂವರಿಗೂ ಗೊತ್ತಿತ್ತು.

"ನಮ್ಮನೆ ಹುಳುಮನೆ ಗೋಡೆ ಮ್ಯಾಲೆ ನಮ್ಮಪ್ಪ ಇದ್ಲಲ್ಲಿ ಬರ್ದಿಟ್ಟವ್ರೆ ಅಕ್ಕ. ಯಾವ್ ಬೆಳೆ ಯಾಕ್ ಹೋಯ್ತು ಅಂತ. ಹದಿನೈದು ವರ್ಸದ್ದು ಐತೆ. ಸುಣ್ಣ ಹೊಡೆಯೋವಾಗ್ಲೂ ಆ ಗೋಡೆ ಬುಟ್ಟು ಹೊಡೀತಾರೆ. ಸುಳ್ಳು ಬರ್ದ್ರೆ ಮುಂದ್ಲ ಬೆಳೇಗೆ ಇಲ್ದಿದ್ ಕಾಯ್ಲೆಗೆ ಔಸ್ದಿ ಮಾಡ್ತಾ ಕೂತ್ಕೋಬೇಕು." ಪೆನ್ನನ್ನು ನನ್ನ ಕಡೆ ಚಾಚಿದಳು. "ನೀವೇ ಬರೀರಿ. ಹನ್ನೆರಡರಿಂದ ಎರಡರಗಂಟ ಏನೇನ್ ನೋಡಿದ್ರಿ, ಎಲ್ಲಾನೂವೆ. ಯಾವ್ ಟ್ರೇ, ಎಷ್ಟೊತ್ಗೆ."

ನಾನು ಬರೆದೆ. ಬರೆಯುತ್ತಾ ಹೋದ ಹಾಗೆ ನನಗೇ ಆಶ್ಚರ್ಯ. ಆ ಎರಡು ಗಂಟೆಯಲ್ಲಿ ಹದಿನೇಳು ಸಲ ಒಳಗೆ ಹೋಗಿದ್ದೆ, ಪ್ರತಿ ಸಲವೂ ಗಡಿಯಾರ ನೋಡಿದ್ದೆ. ಯಾವ ಟ್ರೇಯಲ್ಲಿ ಮೊದಲು ತಲೆ ಬೀಸಿತು, ಎಷ್ಟು ನಿಮಿಷಕ್ಕೆ ಹಸಿರು ಕಾರಿತು, ಯಾವಾಗ ಸದ್ದು ನಿಂತಿತು, ಮೈ ಎಷ್ಟು ಹೊತ್ತಿಗೆ ಮುದುಡಿತು, ಎಲ್ಲವೂ ತಲೆಯಲ್ಲಿ ಕೊರೆದು ಕೂತಿತ್ತು. ಎರಡು ಪುಟ ತುಂಬಿತು. ಕೆಳಗೆ "ಬೇಲಿ ಸಾಲಿನ ಸೊಪ್ಪು ತಂದವಳು, ಹತ್ತು ಹುಳುವಿಗೆ ಹಾಕದೆ ನೇರ ಹಾಕಿದವಳು ನಾನು" ಎಂದು ಬರೆದು ಸಹಿ ಹಾಕಿದೆ.

ಆಮೇಲಿನ ದಿನಗಳಲ್ಲಿ ನಾನು ಮನೆಗೆ ಹೋಗಲಿಲ್ಲ. ಯಜಮಾನರು ಫೋನಿನಲ್ಲಿ, "ಹುಳುವಿಗೇನು ನೀನು ತಾಳಿ ಕಟ್ಟಿಸಿಕೊಂಡಿದ್ದೀಯಾ?" ಎಂದರು. ಬೆಳಿಗ್ಗೆ ಎದ್ದರೆ ಮೊದಲು ನಾಲ್ಕನೇ ಟ್ರೇ. ಬಾಗಿಲು ತೆರೆಯುವ ಮುಂಚೆ ಕಿವಿಯಿಟ್ಟು ಕೇಳುತ್ತಿದ್ದೆ. ಆ ಮೂಲೆಯಲ್ಲಿ ಮಳೆ ಇದೆಯೇ? ಇರುತ್ತಿತ್ತು, ಬಿಟ್ಟು ಬಿಟ್ಟು ಬೀಳುವ ಹನಿಯ ಹಾಗೆ. ಪ್ರತಿ ದಿನವೂ ಸತ್ತ ಒಂದಷ್ಟು ಹುಳು ಎತ್ತಿ ಹಾಕಬೇಕಾಗುತ್ತಿತ್ತು. ಮೊದಲ ದಿನ ಅರವತ್ತಕ್ಕೂ ಹೆಚ್ಚು. ಎರಡನೇ ದಿನ ನಲವತ್ತು. ಮೂರನೇ ದಿನ ಇಪ್ಪತ್ತು ದಾಟಿತು. ನಾಲ್ಕನೇ ದಿನ ಕಮ್ಮಿ. ಇನ್ನು ಎಷ್ಟು ಉಳಿದಿವೆ ಎಂದು ಎಣಿಸಲು ಪವಿತ್ರ ಬಿಡಲಿಲ್ಲ. "ಮುಟ್ಬ್ಯಾಡ್ರಕ್ಕ. ಅವ್ಕೂ ದಿಗಿಲಾಯ್ತದೆ." ನನ್ನ ಜೊತೆ ಅಷ್ಟೇ ಮಾತಾಡುತ್ತಿದ್ದಳು, ಕೆಲಸಕ್ಕೆ ಬೇಕಾದಷ್ಟು. ಭಾನುವಾರ ಅವಳ ಅಪ್ಪನ ಫೋನು ಬಂದಾಗ ಎದ್ದು ಹೊರಗೆ ಹೋಗಿ ಮಾತಾಡಿ ಬಂದಳು. ಏನು ಹೇಳಿದಳೋ ಗೊತ್ತಾಗಲಿಲ್ಲ. ನಾನು ಸುಣ್ಣದ ಬುಟ್ಟಿ ಹಿಡಿದು ಗೋಡೆ ನೋಡುತ್ತಾ ನಿಂತಿದ್ದೆ.

ಅಷ್ಟೂ ದಿನ ಮೊರದ ಹತ್ತು ಹುಳುವಿಗೆ ಸೊಪ್ಪು ಹಾಕಿ ಒಂದು ಗಂಟೆ ಕಾಯುವ ಕೆಲಸ ನಾನೇ ಇಸಿದುಕೊಂಡೆ. ಮೊರದ ಮುಂದೆ ಮಣೆ ಹಾಕಿಕೊಂಡು ಕೂತು ಹೆದರುತ್ತಿದ್ದೆ. ತಬಸ್ಸುಮ್ ಬಂದು, "ಆಪಾ, ಕಣ್ಣು ಮಿಟುಕಿಸಿ. ಹುಳಾನೇ ನಿಮ್ಮನ್ನ ನೋಡಿ ಹೆದರ್ಕೊಳ್ತಾವೆ," ಎನ್ನುತ್ತಿದ್ದಳು.

ಹುಳುಗಳು ಹಣ್ಣಾದವು. ಮೈ ಹಳದಿಯಾಗಿ, ಗಾಜಿನಂತೆ ಬೆಳಕು ಹಾಯುವ ಹಾಗಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯೆತ್ತಿದವು. ತಲೆಯೆತ್ತಿದ್ದನ್ನು ನೋಡಿ ಮತ್ತೆ ವಿಷವೇ ಎಂದು ಗಡಿಯಾರ ನೋಡಿದೆ. ಒಂದೊಂದಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟೆವು. ಐದು ದಿನ ಕಳೆದು ಗೂಡು ಬಿಡಿಸಿದಾಗ ನಾಲ್ಕನೇ ಟ್ರೇಯದನ್ನು ಪವಿತ್ರ ನನ್ನ ಕೈಯಲ್ಲೇ ಎಣಿಸಲು ಹೇಳಿದಳು. ನೂರೈವತ್ತು ದಾಟಬೇಕು. ನೂರನಲವತ್ತಕ್ಕೆ ಬಂದಾಗ ಬುಟ್ಟಿಯ ತಳ ಕಾಣಿಸತೊಡಗಿತ್ತು. ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದೆ. ಮುಂದಕ್ಕೆ ತಬಸ್ಸುಮ್ ಎಣಿಸಿದಳು. ನೂರ ಅರವತ್ತೊಂದು.

ಪವಿತ್ರ ಗೋಡೆಗೊರಗಿ ಕೂತಳು. ಬೆಂಗಳೂರಿನಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ಅವತ್ತು ಒಡೆದಳು, ಮೆತ್ತಗಾಗಿ ಹೋಗಿತ್ತು. ಮೊದಲನೆಯದನ್ನು ನನಗೆ ಕೊಟ್ಟಳು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧದ ಕೊನೆಯ ಪುಟಗಳಲ್ಲಿ ಬೆರಳಿಟ್ಟು, "ಈ ಮೂರು ಟ್ರೇ ಹೋದದ್ದು ಸೊಪ್ಪಿನಿಂದಲೇ, ರೋಗದಿಂದ ಅಲ್ಲ ಅಂತ ಹೇಗೆ ನಂಬೋದು?" ಎಂದು ಕೇಳಿದರಂತೆ. ಕಾರಿಡಾರಿನಲ್ಲಿದ್ದ ನನ್ನನ್ನು ಒಳಗೆ ಕರೆಸಿದರು. ಅವರು ಕೇಳಿದ ಪ್ರತಿ ಪ್ರಶ್ನೆಗೂ ನಾನು ಹೊತ್ತು ಹೇಳಿದೆ, ಟ್ರೇ ಹೇಳಿದೆ, ಪುಸ್ತಕ ನೋಡದೆ. ಅವರು ಕನ್ನಡಕ ತೆಗೆದು, "ನಿಮಿಷ ನಿಮಿಷಕ್ಕೂ ನೋಡಿದ್ದೀರಲ್ಲ, ಇದೂ ಪ್ರಯೋಗದ ಭಾಗವಾಗಿತ್ತಾ?" ಎಂದರು. "ಇಲ್ಲ ಸರ್. ನೋಡುವುದು ಬಿಟ್ಟು ಬೇರೇನಾದರೂ ಮಾಡಿದ್ದರೆ ಇನ್ನೂ ಒಂದು ಟ್ರೇ ಉಳಿಯುತ್ತಿತ್ತು," ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಬೆಳೆ ಒಪ್ಪಿದರು.

ಪವಿತ್ರಳ ಸಾಮಾನು ಒಯ್ಯಲು ಅವಳ ಅಪ್ಪ ಬರುತ್ತಾರೆ ಎಂದು ಗೊತ್ತಾದಾಗ ನಾನು ಅವತ್ತು ಚನ್ನಪಟ್ಟಣಕ್ಕೆ ಹೋಗಿಬಿಡಲು ಬ್ಯಾಗು ಕಟ್ಟಿದೆ. ಬಸ್ ಸ್ಟಾಪಿನಲ್ಲೇ ಎದುರಾದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಫೋನಿನಲ್ಲಿ ಕೇಳಿದ್ದ ಅದೇ ದನಿ.

"ನೀವೇನಾ ಆ ಟೀಚರಮ್ಮ?"

ಹೌದೆಂದು ತಲೆಯಾಡಿಸಿದೆ. ಬ್ಯಾಗು ಎದೆಗವುಚಿಕೊಂಡಿದ್ದೆ.

"ಎಷ್ಟೊತ್ತು ಸುಮ್ಕಿದ್ರಂತೆ?"

"ಎರಡು ಗಂಟೆ."

ಅವರು ಟವಲಿನಿಂದ ಮುಖ ಒರೆಸಿಕೊಂಡರು. "ನಾನು ಎರಡು ದಿನ ಸುಮ್ಕಿದ್ದೆ ಕಣವ್ವ. ಮೊದಲ್ನೇ ಸತಿ ಬೇಲಿ ಸೊಪ್ಪು ಹಾಕಿ ಹುಳ ಹೋದಾಗ. ನಮ್ಮ ಹೆಂಗಸ್ರಿಗೆ ಕಾಯ್ಲೆ ಬಂತು ಅಂದ್ಬುಟ್ಟೆ. ಪಾಪ, ಅವ್ಳು ಎಲ್ಲಾ ತೊಳುದು, ಬಳುದು, ಹರಕೆ ಹೊತ್ಕೊಂಡ್ಲು. ಮುಂದ್ಲ ಬೆಳೇಗೂ ಅದೇ ಸೊಪ್ಪು ಹಾಕುದ್ಲು, ಅದೂ ಹೋಯ್ತು. ಅದಾದ್ ಮ್ಯಾಲೇ ಗೋಡೇಲಿ ಬರ್ಯಾಕೆ ಸುರು ಮಾಡಿದ್ದು. ಹತ್ತು ಹುಳ ಬ್ಯಾರೆ ಮಡಗಾಕೆ ಸುರು ಮಾಡಿದ್ದು."

"ಇದು ಪವಿತ್ರಂಗೆ ಗೊತ್ತಾ?"

"ಗೋಡೇಲಿ ಐತಲ್ಲ. ಓದವ್ಳೆ." ಹೊರಡುವಾಗ ತಿರುಗಿ, "ಮಾವು ಹೂವಾಗೋ ಕಾಲ್ದಲ್ಲಿ ಒಂದ್ಸತಿ ನಮ್ಮೂರ್ ಕಡೆ ಬನ್ನಿ. ದಿಗಿಲು ಬೀಳೋರು ಒಬ್ರು ಮೊರದ್ ಮುಂದೆ ಕೂತಿದ್ರೆ ಒಳ್ಳೇದು," ಎಂದರು.

ಪ್ರತಿ ವರ್ಷವೂ ಹೋಗುತ್ತೇನೆ. ಮೊನ್ನೆ ಕಿಟಕಿ ಮುಚ್ಚಿಕೊಂಡು ನಿಂಬೆಹಣ್ಣು ಮೂಸುತ್ತಾ ಕೂತಿದ್ದ ಬಸ್ಸು ಅದೇ ದಾರಿಯದು. ರಾಮನಗರದಲ್ಲಿ ಇಳಿದು, ಕನಕಪುರ, ಅಲ್ಲಿಂದ ಸಾತನೂರು. ಪವಿತ್ರ ಈಗ ಅಲ್ಲಿ ಸುತ್ತಲಿನ ಊರುಗಳಿಗೆ ಮರಿ ಹುಳು ಬೆಳೆಸಿ ಕೊಡುತ್ತಾಳೆ. ತಾಯಿ ಕುರ್ಚಿಯ ಮೇಲೆ ಕೂತು ಎಲ್ಲರಿಗೂ ಕೆಲಸ ಹೇಳುತ್ತಾರೆ. ನಾನು ಚಪ್ಪಲಿ ಬಿಟ್ಟು, ಕಾಲು ಸುಣ್ಣದ ನೀರಿಗೆ ಅದ್ದಿ, ಇದ್ದಲಿನ ಬರಹದ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತೇನೆ. ಮೊರದಲ್ಲಿ ಹತ್ತು ಹುಳು. ನಾಲ್ಕೆಲೆ ಹಾಕಿದ ಕೂಡಲೇ ಹೆದರಿಕೆ ಶುರುವಾಗುತ್ತದೆ, ಅದೇನೂ ಕಮ್ಮಿಯಾಗಿಲ್ಲ. ಗಡಿಯಾರ ನೋಡುತ್ತೇನೆ. ಮೊನ್ನೆ ಅರ್ಧ ಗಂಟೆಗೆ ಒಂದು ಹುಳು ತಲೆ ಬೀಸಿದ ಹಾಗೆ ಕಾಣಿಸಿತು. ನಾನು ಸುಮ್ಮನೆ ಇದ್ದರೂ ಇರಬಹುದಾಗಿತ್ತು.

"ಪವಿತ್ರಾ," ಎಂದು ಇಡೀ ಕೇರಿಗೆ ಕೇಳುವ ಹಾಗೆ ಕೂಗಿದೆ.